ನಾಲ್ಕು ತುಳಿತ

ಜನವರಿ ೧೮

ಪ್ರೀತಿಯ ಮೂಟೆ,

ನೀನು ಕೇಳಿದ ಸ್ವರಪುಸ್ತಕವನ್ನು ನಿನ್ನೆ ಅಂಚೆಗೆ ಹಾಕಿದ್ದೇನೆ. ಮೇಷ್ಟ್ರ ಕಪಾಟಿನ ಮೂರನೇ ಸಾಲಿನಲ್ಲಿತ್ತು. ರಟ್ಟು ಕಿತ್ತುಬಂದಿತ್ತು. ಗೋಂದು ಹಚ್ಚಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ, ಒಂದು ಹಗಲು ಹಾಗೇ ಬಿಟ್ಟು ಆಮೇಲೆ ಕಟ್ಟಿದೆ. ಕಟ್ಟುವ ಮುಂಚೆ ಮೇಷ್ಟ್ರ ಮಂಚದ ಹತ್ತಿರ ಹಿಡಿದು, "ಮೂಟೆಗೆ ಕಳಿಸ್ತಾ ಇದೀನಿ. ಪಟ್ಟಣದ ದೊಡ್ಡ ದೇವಾಲಯದಲ್ಲಿ ಆರ್ಗನ್ ನುಡಿಸೋ ಕೆಲಸಕ್ಕೆ ಪರೀಕ್ಷೆ ಕಟ್ಟಿದಾಳೆ. ನಿಮ್ಮ ಸೊನಾಟಾನೇ ನುಡಿಸ್ತಾಳಂತೆ" ಅಂದೆ. ಲಕ್ವ ಹೊಡೆದು ಬಲಗೈ, ಬಾಯಿ ಎರಡೂ ಹೋಗಿ ಎಂಟು ತಿಂಗಳಾಯಿತಲ್ಲ, ಎಡಗೈಯಿಂದಲೇ ರಟ್ಟನ್ನು ಸವರಿದರು. ಆಮೇಲೆ ನಾನು ಕುಡಿಸಿದ ಗಂಜಿ ಪೂರ್ತಿ ಕುಡಿದರು. ನನ್ನ ಮಟ್ಟಿಗೆ ಅದು ಆಶೀರ್ವಾದ.

ಇಲ್ಲಿ ಆರ್ಗನ್ನಿಗೆ ಗಾಳಿ ತುಂಬುವ ತಿದಿಯ ತೊಗಲನ್ನು ಇಲಿ ಕಡಿದಿದೆ. ಎರಡು ಕಡೆ ತೇಪೆ ಹಾಕಿದೆ. ಭಾನುವಾರ ನಮ್ಮ ಚರ್ಚಿನ ಹಾಡುಗಳನ್ನು ಈಗ ಔಷಧಿ ಅಂಗಡಿಯವರ ಹೆಂಡತಿ ಬಾರಿಸುತ್ತಾರೆ. ತಪ್ಪು ಒಂದೂ ಇರುವುದಿಲ್ಲ, ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿಕೊಟ್ಟ ಹಾಗೆ. ಅಷ್ಟು ಹಾಡಿಗೆ ನಾನು ತಿದಿ ತುಳಿಯಲು ಬೇಕೇ ಇಲ್ಲ, ಒಂದು ಕಾಲು ಸಾಕು.

ಮೇಷ್ಟ್ರು ತಿಂಗಳಿಗೊಮ್ಮೆ ನುಡಿಸುತ್ತಿದ್ದ ಆ ಮೂರು ಭಾಗದ ಸೊನಾಟಾ ಕೇಳಿ ಎಂಟು ತಿಂಗಳಾಯಿತು. ಕೇಳಿ ಅನ್ನುವುದೂ ಸುಳ್ಳೇ. ಮುಂದೆ ಕೂತವರು ಕಿವಿಯಿಂದ ಕೇಳಿದರು, ಆರ್ಗನ್ನಿನ ಹಿಂದೆ ನಿಂತ ನಾನು ಮೊಣಕಾಲಿನಿಂದ ಕೇಳಿದೆ. ನಿನಗೆ ನೆನಪಿದೆಯಲ್ಲ, ಗೋಡೆಯ ಮೇಲೆ ದಾರದಲ್ಲಿ ಸೀಸದ ಗುಂಡು. ತಿದಿ ತುಂಬಿದರೆ ಗುಂಡು ಕೆಳಗಿನ ಗೆರೆಗೆ ಇಳಿಯುತ್ತದೆ, ಗಾಳಿ ಖಾಲಿಯಾಗುತ್ತ ಬಂದರೆ ಮೇಲಿನ ಗೆರೆಗೆ ಏರುತ್ತದೆ. ಸೊನಾಟಾ ಅಂದರೆ ನನಗೆ ಆ ಗುಂಡು. ಮೊದಲನೇ ಭಾಗ ಗಾಳಿಯನ್ನು ಗಬಗಬನೆ ತಿನ್ನುತ್ತದೆ, ತುಳಿದು ತುಳಿದು ಬೆನ್ನು ನೀರಾಗುತ್ತದೆ. ಎರಡನೆಯದು ಮೆಲ್ಲನೆಯದು, ಒಂದು ತುಳಿತ ಕೊಟ್ಟರೆ ಒಂದು ಸಾಲು ಹಾಡಿಕೊಂಡು ಹೋಗುತ್ತದೆ. ಮೂರನೆಯದು ಬಾಗಿಲು ಒದ್ದುಕೊಂಡು ಬರುತ್ತದೆ. ಬರೆದವರ ಹೆಸರಿಗೆ ನನ್ನ ನಾಲಗೆ ಹೊರಳುವುದಿಲ್ಲ. ಆ ಪುಣ್ಯಾತ್ಮ ಅನ್ನುತ್ತೇನೆ, ದೇವರಿಗೆ ಗೊತ್ತಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕೈ ಗೋಡೆಗೆ ತಾಗಿಸಿಕೊಂಡು ಮಲಗಬೇಡ.

ನಿನ್ನ
ಚಿಕ್ಕಮ್ಮ


ಫೆಬ್ರವರಿ ೯

ಚಿಕ್ಕಮ್ಮ,

ಮೊದಲನೇ ಸುತ್ತು ದಾಟಿದೆ. ಹನ್ನೊಂದು ಜನ ಇದ್ದೆವು, ಮೂವರು ಉಳಿದಿದ್ದೇವೆ. ಎರಡನೇ ಸುತ್ತು ಏಪ್ರಿಲ್ ಎಂಟಕ್ಕೆ. ಅವತ್ತು ಇಡೀ ಸೊನಾಟಾ ನುಡಿಸಬೇಕು, ಅವತ್ತೇ ತೀರ್ಮಾನ.

ಇಲ್ಲಿಯ ಆರ್ಗನ್ ನೋಡಿದರೆ ನಿನಗೆ ಹೊಟ್ಟೆಕಿಚ್ಚಾಗುತ್ತದೆ. ಮೂರು ಸಾಲು ಕೀಲಿಮಣೆ. ಗಾಳಿಗೆ ಯಾರೂ ಬೇಡ. ಗೋಡೆಯಲ್ಲಿ ಒಂದು ಸ್ವಿಚ್ಚು, ಹಾಕಿದರೆ ನೆಲಮಾಳಿಗೆಯಲ್ಲಿ ಮೋಟಾರು ಗುಂಯ್ ಅನ್ನುತ್ತದೆ, ಗಾಳಿ ಯಾವತ್ತೂ ತುಂಬಿಯೇ ಇರುತ್ತದೆ. ನಾನು ಅಭ್ಯಾಸಬಲದಿಂದ ನುಡಿಸುವ ಮುಂಚೆ ಹಿಂದೆ ತಿರುಗಿ "ಆಯ್ತಾ?" ಅಂದುಬಿಟ್ಟೆ. ಪುಟ ತಿರುಗಿಸಲು ನಿಂತಿದ್ದವರು ನನ್ನ ಮುಖವನ್ನೇ ನೋಡಿದರು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲ ಸುತ್ತಿನಲ್ಲಿ ಎರಡನೇ ಭಾಗ ನುಡಿಸಿ, ಅಲ್ಲಿಂದ ಮೂರನೆಯದರ ಮೊದಲ ಪುಟದವರೆಗೆ ಹೋಗಬೇಕಿತ್ತು. ಎರಡಕ್ಕೂ ನಡುವೆ ಮೇಷ್ಟ್ರು ಪೆನ್ಸಿಲಿನಲ್ಲಿ '೪' ಎಂದು ಬರೆದಿದ್ದಾರಲ್ಲ, ಅಲ್ಲಿ ಎಂದಿನಂತೆ ನಾಲ್ಕು ಎಣಿಕೆ ಸುಮ್ಮನಿದ್ದು ಆಮೇಲೆ ದೊಡ್ಡ ಸ್ವರ ಹಿಡಿದೆ. ಪರೀಕ್ಷಕರು ಮೂವರು. ಅವರಲ್ಲಿ ಹಿರಿಯಾಕೆ ಊರುಗೋಲಿನವರು. ಅವರು ಕೂತಲ್ಲಿಂದಲೇ ಕೇಳಿದರು, "ಅಚ್ಚಾದ ಪ್ರತಿಯಲ್ಲಿ 'ತಡೆಯದೆ ಮುಂದೆ ಹೋಗು' ಅಂತ ಇದೆ. ನೀನು ತಡೆದೆ. ಯಾರು ಹೇಳಿದ್ದು?"

ಮೇಷ್ಟ್ರು ತೀರಿಕೊಂಡ ತಮ್ಮ ಹೆಂಡತಿಗಾಗಿ ಇಟ್ಟ ಮೌನ ಅದು ಎಂದು ನಮ್ಮ ಊರಿಗೆಲ್ಲ ಗೊತ್ತು. ತಿಂಗಳ ಕಡೆಯ ಭಾನುವಾರ ಸಂಜೆ ಆ ಜಾಗ ಬಂತೆಂದರೆ ಎಲ್ಲರೂ ತಲೆ ಬಗ್ಗಿಸುತ್ತಿದ್ದರು. ಇಲ್ಲಿ ಅದನ್ನೆಲ್ಲ ಹೇಳಿದರೆ ನಡೆಯುವುದಿಲ್ಲ. ನಾನು ತಕ್ಕ ಉತ್ತರ ಕೊಟ್ಟಿದ್ದೇನೆ. ಆದರೆ ಆಕೆ ಬಿಡಲಿಲ್ಲ. "ಎರಡನೇ ಸುತ್ತಿಗೆ ಬರುವಾಗ ಬರವಣಿಗೆಯಲ್ಲಿ ತಾ. ಆಧಾರ ಇದ್ದರೆ ಮೌನ ಇರಲಿ, ಇಲ್ಲದಿದ್ದರೆ ಯಾಕೆ ಇಟ್ಟೆ ಅಂತ ಹೇಳು" ಅಂದರು.

ಆದ್ದರಿಂದ ಮೇಷ್ಟ್ರನ್ನು ಕೇಳಿ, ಆ ನಾಲ್ಕು ಎಲ್ಲಿಂದ ಬಂತು ಅಂತ ಒಂದೇ ಒಂದು ಸಾಲು ಬರೆಸಿ ಕಳಿಸು. ಚಿಕ್ಕವಳಿದ್ದಾಗ ನಾನೇ ಒಂದು ಸಲ ಕೇಳಿದ್ದೆ. "ನಿನ್ನ ಚಿಕ್ಕಮ್ಮನ್ನ ಕೇಳು" ಅಂದರು. ಪಾಠ ತಪ್ಪಿಸಲು ಪ್ರಶ್ನೆ ಹಾಕುತ್ತಿದ್ದೇನೆಂದು ನನ್ನನ್ನು ಓಡಿಸಿದ್ದು ಅಂದುಕೊಂಡೆ.

ಚಪ್ಪಲಿ ಹೊಲಿಯುವವರ ಅಂಗಡಿಯ ಮೇಲಿನ ಕೋಣೆ ಹಿಡಿದಿದ್ದೇನೆ. ಇಡೀ ದಿನ ಸುತ್ತಿಗೆಯ ತಾಳ.

ಮೂಟೆ


ಫೆಬ್ರವರಿ ೧೬

ಪ್ರೀತಿಯ ಮೂಟೆ,

ಮೂವರಲ್ಲಿ ಒಬ್ಬಳಾದೆ ಎಂದು ಓದಿ ದೇವರಿಗೆ ಸ್ತೋತ್ರ ಹೇಳಿದೆ. ಪಾದ್ರಿಗಳಿಗೂ ಹೇಳಿದೆ. ಅವರು ಔಷಧಿ ಅಂಗಡಿಯವರ ಹೆಂಡತಿಗೆ ಹೇಳಿದರಂತೆ. ಆಕೆ ಭಾನುವಾರ ಒಂದು ಹಾಡನ್ನು ಎರಡು ಸಲ ಬಾರಿಸಿದರು, ಸಂತೋಷಕ್ಕೋ ಬೇರೆ ಯಾತಕ್ಕೋ ಗೊತ್ತಿಲ್ಲ.

ಇಲಿ ಇನ್ನೊಂದು ಕಡೆ ಕಡಿದಿದೆ. ಬೆಕ್ಕು ತರೋಣ ಎಂದರೆ ಆರ್ಗನ್ನಿನ ಕೊಳವೆಯೊಳಗೆ ಮರಿ ಹಾಕಿದರೆ ಏನು ಗತಿ ಎಂದು ಪಾದ್ರಿಗಳು ಹೆದರುತ್ತಾರೆ.

ಆ ನಾಲ್ಕರ ವಿಷಯ ಬರೆದಿದ್ದೀಯ. ನನಗೆ ಗಾಳಿ ಗೊತ್ತು, ಸಂಗೀತದ ತಲೆಬುಡ ಗೊತ್ತಿಲ್ಲ. ಮೇಷ್ಟ್ರಿಗೆ ಈ ವಾರ ಮೈ ಸರಿಯಿಲ್ಲ. ಸರಿಹೋದ ಮೇಲೆ ಕೇಳುತ್ತೇನೆ. ನೀನು ಅಚ್ಚಿನಲ್ಲಿ ಇರುವ ಹಾಗೆ ತಡೆಯದೆ ನುಡಿಸಿಬಿಟ್ಟರೆ ಆಗುವುದಿಲ್ಲವೇ?

ಹಳದಿ ಶಾಲು ಕಳಿಸಿದ್ದೇನೆ. ಹಳೆಯದು, ಆದರೆ ಬೆಚ್ಚಗಿದೆ.

ಚಿಕ್ಕಮ್ಮ


ಫೆಬ್ರವರಿ ೨೬

ಚಿಕ್ಕಮ್ಮ,

ತಡೆಯದೆ ನುಡಿಸಿಬಿಡು ಎಂದು ಇಷ್ಟು ಸಲೀಸಾಗಿ ಬರೆದಿದ್ದೀಯಲ್ಲ. ಈಗ ಆ ಮೌನ ಬಿಟ್ಟರೆ ಮೊದಲ ಸಲ ನಾನು ಹೇಳಿದ್ದು ಸುಳ್ಳು ಎಂದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಷ್ಟ್ರ ದುಃಖವನ್ನು ಒಂದು ಕೆಲಸಕ್ಕಾಗಿ ಒರೆಸಿಹಾಕಿದ ಹಾಗಾಗುತ್ತದೆ. ನನ್ನ ಕೈಲಿ ಆಗುವುದಿಲ್ಲ. ಹನ್ನೆರಡು ವರ್ಷ ಅವರ ಪಕ್ಕ ಕೂತು ಕಲಿತವಳು ನಾನು. ಅವರು ಆ ನಾಲ್ಕು ಎಣಿಕೆ ಕೈಗಳನ್ನು ತೊಡೆಯ ಮೇಲಿಟ್ಟು, ತಲೆ ಒಂದಿಷ್ಟು ವಾಲಿಸಿ, ಹಿಂದಿನ ಗೋಡೆಯ ಕಡೆ ಕಿವಿ ಕೊಟ್ಟ ಹಾಗೆ ಕಾಯುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ನಿನಗೆ ಮುಚ್ಚಿಟ್ಟು ಏನು ಮಾಡಲಿ. ಪರೀಕ್ಷಕರು ಕೇಳಿದಾಗ, ಅದು ಗುರುವಿನಿಂದ ಗುರುವಿಗೆ ಬಂದದ್ದು, ಮೇಷ್ಟ್ರ ಗುರುಗಳ ಗುರುಗಳು ಬರೆದವರ ಬಾಯಿಂದಲೇ ಕೇಳಿದ್ದಂತೆ ಎಂದುಬಿಟ್ಟೆ. ಬಾಯಿಗೆ ಬಂತು, ಹೇಳಿದೆ. ರೊಮ್ಯಾಂಟಿಕ್ ಕಾಲದ ಕೃತಿಗಳಿಗೆ ಇಂಥ ಕಥೆಗಳು ಬೇಕಾದಷ್ಟಿವೆ. ಆಗಿರಲೂಬಹುದು, ಯಾರು ಕಂಡಿದ್ದಾರೆ.

ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ನಾಲ್ಕೇ ಸಾಲು, ಅದೇ ಕಥೆ, ಮೇಷ್ಟ್ರೇ ಹೇಳಿದ ಹಾಗೆ ಬರೆದಿದ್ದೇನೆ. ಕೆಳಗೆ ಎಡಗೈಯಿಂದ ಒಂದು ಸಹಿ ಹಾಕಿಸು. ಗೀಚಿದರೂ ಸಾಕು. ಯಾರಿಗೂ ಇದರಿಂದ ತೊಂದರೆ ಇಲ್ಲ.

ಶಾಲು ತಲುಪಿತು. ಬೇಡ ಎಂದುಕೊಂಡು ಬದಿಗಿಟ್ಟಿದ್ದೆ, ಈಗ ಅದನ್ನೇ ಹೊದ್ದು ಬರೆಯುತ್ತಿದ್ದೇನೆ. ಏನೋ ಗೊತ್ತಿರುವ ವಾಸನೆ.

ಮೂಟೆ


ಮಾರ್ಚ್ ೧೪

ಚಿಕ್ಕಮ್ಮ,

ಎರಡು ವಾರ ದಾಟಿತು. ಒಂದು ಸಾಲೂ ಇಲ್ಲ. ಮೇಷ್ಟ್ರಿಗೆ ಏನಾದರೂ ಆಯಿತೇ? ಆಗಿದ್ದರೆ ಪರೀಕ್ಷೆ ಇದೆ ಎಂದು ಮುಚ್ಚಿಡಬೇಡ.

ಏನೂ ಆಗಿಲ್ಲದಿದ್ದರೆ, ಕೋಪ ನನ್ನ ಮೇಲೆ ಅಂತಾಯಿತು. ಸಹಿ ಹಾಕಿಸಲು ಮನಸ್ಸಿಲ್ಲದಿದ್ದರೆ ಹಾಗಂತ ಬರೆ. ನೀನು ದೇವರಿಗೆ ಹೆದರುವವಳು, ಗೊತ್ತಿದೆ. ನಾನು ಹೆದರುವುದು ಊರುಗೋಲಿನ ಆ ಹೆಂಗಸಿಗೆ. ಇನ್ನು ಇಪ್ಪತ್ತೈದು ದಿನ ಇದೆ.

ಮೂಟೆ


ಮಾರ್ಚ್ ೧೯

ಮೂಟೆ,

ಮೇಷ್ಟ್ರು ಹಾಗೇ ಇದ್ದಾರೆ, ಹೆದರಬೇಡ. ನಿನ್ನ ಮೇಲೆ ಕೋಪವೂ ಇಲ್ಲ. ಈ ಕಾಗದ ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದೆ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಆ ನಾಲ್ಕು ಅಮ್ಮನವರಿಗಾಗಿ, ಮೇಷ್ಟ್ರ ಹೆಂಡತಿಗಾಗಿ ಅಲ್ಲ. ಅಮ್ಮನವರು ತೀರಿಕೊಂಡದ್ದು ನೀನು ಎರಡನೇ ಕ್ಲಾಸಿನಲ್ಲಿದ್ದಾಗ. ಪುಸ್ತಕದಲ್ಲಿ ಪೆನ್ಸಿಲಿನ ಗುರುತು ಬಿದ್ದ ದಿನ ಅವರು ಮೊದಲ ಸಾಲಿನಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದರು. ಅದು ಎಣಿಕೆಯೂ ಅಲ್ಲ. ನಾಲ್ಕು ತುಳಿತ. ನನ್ನ ಕಾಲಿನದು.

ನಿನ್ನಮ್ಮ, ನನ್ನ ಅಕ್ಕ, ಹೋದಾಗ ನಿನಗೆ ಒಂಬತ್ತು ತಿಂಗಳು. ನಿನ್ನಪ್ಪ ಅದಕ್ಕೆ ಮುಂಚೆಯೇ ಹಡಗು ಹತ್ತಿದವನು. ನಾನು ಆಗ ಇಪ್ಪತ್ತೈದರವಳು, ತಿದಿ ತುಳಿಯಲು ಸೇರಿ ನಾಲ್ಕು ವರ್ಷವಾಗಿತ್ತು. ನೀನು ಬೇರೆ ಯಾರ ಕೈಗೂ ಹೋಗುತ್ತಿರಲಿಲ್ಲ. ಅಮ್ಮನವರು ಪಾಪ ತೊಡೆಯ ಮೇಲೆ ಕೂರಿಸಿಕೊಂಡು ನೋಡಿದರು, ದೇವಾಲಯದ ಸೂರು ಹಾರಿಹೋಗುವ ಹಾಗೆ ಅತ್ತೆ. ಆದ್ದರಿಂದ ಶಾಲಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತಿದಿ ಕೋಣೆಗೆ ಹೋಗುತ್ತಿದ್ದೆ. ನಿನ್ನ ಹತ್ತಿರ ಈಗ ಇದೆಯಲ್ಲ, ಅದೇ ಶಾಲು.

ಹಾಡುಗಳಿಗೆ ಏನೂ ತೊಂದರೆ ಇರಲಿಲ್ಲ. ಸೊನಾಟಾ ಮಾತ್ರ ಉದ್ದ. ಎರಡನೇ ಭಾಗ ಮುಗಿಯುವ ಹೊತ್ತಿಗೆ ಎಡಸೊಂಟ ಮರಗಟ್ಟಿಹೋಗುತ್ತಿತ್ತು, ನೀನೂ ಕೊಸರಾಡುತ್ತಿದ್ದೆ. ಮೆಲ್ಲನೆಯ ಜಾಗ ತಾನೆ, ಗಾಳಿ ಸ್ವಲ್ಪ ಸಾಕು ಎಂದು ತುಳಿಯುವುದನ್ನು ನಿಲ್ಲಿಸಿ, ಗಂಟು ಬಿಚ್ಚಿ, ನಿನ್ನನ್ನು ಬಲಕ್ಕೆ ಹಾಕಿ, ಮತ್ತೆ ಕಟ್ಟುತ್ತಿದ್ದೆ. ಅಷ್ಟರಲ್ಲಿ ಗುಂಡು ಮೇಲಿನ ಗೆರೆಗೆ ಹೋಗಿರುತ್ತಿತ್ತು. ಮೂರನೇ ಭಾಗದ ಆ ದೊಡ್ಡ ಸ್ವರಕ್ಕೆ ಗಾಳಿಯೇ ಇರುತ್ತಿರಲಿಲ್ಲ. ಬಾಗಿಲು ಒದ್ದು ಬರಬೇಕಾದದ್ದು ಹೊಸ್ತಿಲಲ್ಲಿ ಕುಸಿದು ಕೂರುತ್ತಿತ್ತು. ಎರಡು ತಿಂಗಳು ಹೀಗಾಯಿತು.

ಆಗ ದೇವಾಲಯದ ಬೀಗದ ಕೈ ಇಟ್ಟುಕೊಂಡಿದ್ದವರನ್ನು ಎಲ್ಲರೂ ಬೀಗದ ದೊಡ್ಡಪ್ಪ ಅನ್ನುತ್ತಿದ್ದರು. ಕೆಟ್ಟವರಲ್ಲ, ಶಿಸ್ತು ಜಾಸ್ತಿ. ತಿದಿ ಕೋಣೆಗೆ ಬಂದು ಶಾಲು ನೋಡಿದರು. "ಇದು ತಿದಿ ಕೋಣೆ, ತೊಟ್ಟಿಲ ಕೋಣೆ ಅಲ್ಲಮ್ಮ. ಮಗೂನ ಬಿಟ್ಟು ಬಾ. ಇನ್ನೊಂದು ಸಲ ಗಾಳಿ ಕುಸಿದರೆ ಬೇರೆಯವರನ್ನ ನೋಡ್ತೀವಿ" ಅಂದರು.

ಬಿಟ್ಟು ಬರಲು ಮನೆಯಲ್ಲಿ ಯಾರಿದ್ದರು. ಮುಂದಿನ ತಿಂಗಳೂ ಕಟ್ಟಿಕೊಂಡೇ ಹೋದೆ, ಕದ್ದು. ಆರಾಧನೆ ಶುರುವಾಗುವ ಮೊದಲು ಮೇಷ್ಟ್ರು ಹಿಂದಕ್ಕೆ ಬಂದರು. ಬೈಯಲು ಬಂದರೆಂದು ಗೋಡೆಗೆ ಅಂಟಿಕೊಂಡು ನಿಂತೆ. ಅವರು ಶಾಲಿನೊಳಗೆ ಬಗ್ಗಿ ನೋಡಿದರು.

"ಇದೇನಿದು, ಮೂಟೆ?"

"ಅಕ್ಕನ ಮಗು, ಮೇಷ್ಟ್ರೇ."

"ಮೂಟೆ ಈ ಕಡೆಯಿಂದ ಆ ಕಡೆಗೆ ಹಾಕಿದ ಮೇಲೆ, ತಿದಿ ತುಂಬೋಕೆ ಎಷ್ಟು ಹೊತ್ತು ಬೇಕು?"

"ನಾಲ್ಕು ತುಳಿತ, ಮೇಷ್ಟ್ರೇ."

"ಸರಿ. ನಿನ್ನ ಕಾಲಿನ ಸದ್ದು ನನಗೆ ಕೇಳುತ್ತೆ. ನಾಲ್ಕು ಆಗೋವರೆಗೆ ನಾನು ಮುಟ್ಟಲ್ಲ" ಅಂದರು. ಹೋಗಿ ಪುಸ್ತಕದಲ್ಲಿ ಬರೆದುಕೊಂಡರು. ಬೀಗದ ದೊಡ್ಡಪ್ಪ ಆಮೇಲೆ ಅನುಮಾನದಿಂದ ಕೇಳಿದ್ದಕ್ಕೆ, ಆ ಪುಟವನ್ನೇ ತೋರಿಸಿ, "ಪುಸ್ತಕದಲ್ಲೇ ಇದೆ ನೋಡಿ" ಅಂದರಂತೆ. ದೊಡ್ಡಪ್ಪ ಕನ್ನಡಕ ತರದೆ ಬಂದಿದ್ದರು, ಅಚ್ಚೋ ಪೆನ್ಸಿಲೋ ತಿಳಿಯಲಿಲ್ಲ. ನಿನ್ನನ್ನು ಮೂಟೆ ಎಂದು ಮೊದಲು ಕರೆದದ್ದು ಮೇಷ್ಟ್ರು, ನೀನು ದಪ್ಪಗಿದ್ದೆ ಎಂದಲ್ಲ.

ಅವರು ತಲೆ ವಾಲಿಸಿ ಕಾಯುತ್ತಿದ್ದುದು ನನ್ನ ಕಾಲಿಗೆ.

ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ನೀನು ಇಳಿದು ಓಡಾಡತೊಡಗಿದೆ. ನಾನು ತಿದಿ ತುಂಬಿಸಿ ಇಟ್ಟರೂ, ಗುಂಡು ಕೆಳಗಿನ ಗೆರೆಯಲ್ಲೇ ಇದ್ದರೂ, ಅವರು ಕಾಯುವುದನ್ನು ಬಿಡಲಿಲ್ಲ. ನಾನೇ ಹೋಗಿ ಹೇಳಿದೆ, "ಮೇಷ್ಟ್ರೇ, ಮೂಟೆ ಇಳಿದಾಯ್ತು, ಇನ್ನು ನೀವು ನಿಲ್ಲಬೇಕಿಲ್ಲ." ಅವರು, "ಇರಲಿ ಬಿಡು, ಅಲ್ಲಿ ಕಾಯೋದು ರೂಢಿಯಾಗಿಬಿಟ್ಟಿದೆ" ಅಂದರು. ಅಮ್ಮನವರು ಹೋದ ಮೇಲೆ ಜನ ಅದೇ ಜಾಗದಲ್ಲಿ ತಲೆ ಬಗ್ಗಿಸತೊಡಗಿದರು. ಹಲಗೆಯ ಸಂದಿನಿಂದ ನೋಡಿದೆ. ಬೀಗದ ದೊಡ್ಡಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ನಗು ಬರಬೇಕಿತ್ತು, ಹೆದರಿಕೆ ಬಂತು. ದೇವರ ಮನೆಯಲ್ಲಿ ಇಷ್ಟು ಜನ ನನ್ನ ಸೊಂಟನೋವಿಗೆ ತಲೆ ಬಗ್ಗಿಸುತ್ತಿದ್ದಾರಲ್ಲ ಎಂದು. ಹೇಳಿದರೆ ಮೇಷ್ಟ್ರು ಸುಳ್ಳುಗಾರರಾಗುತ್ತಾರೆ, ನನ್ನ ಕೆಲಸವೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ಹೊತ್ತಿಗೆ ಮೇಷ್ಟ್ರ ಮನಸ್ಸಿನಲ್ಲಿ ಅದು ಯಾರಿಗಾಗಿ ಆಗಿತ್ತೋ ನಾನು ಕೇಳಲಿಲ್ಲ. ಅಮ್ಮನವರಿಗೂ ಸೇರಿರಬಹುದು. ಅದು ಅವರ ಎದೆಯೊಳಗಿನದು.

ನಿನ್ನ ನಾಲ್ಕು ಸಾಲಿನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಮುಖ ಗೋಡೆಗೆ ತಿರುಗಿಸಿಕೊಂಡರು. ಮೂರು ದಿನ ಗಂಜಿ ಅರ್ಧಕ್ಕೇ ಬಿಟ್ಟರು. ನಾಲ್ಕನೇ ದಿನ ನಾನೇ, "ಮೇಷ್ಟ್ರೇ, ಮೂಟೆಗೆ ನಿಜ ಹೇಳಿಬಿಡ್ಲಾ?" ಅಂದೆ. ಪೆನ್ಸಿಲು ಬೇಕೆಂದು ಬೆರಳಾಡಿಸಿದರು. ಕೊಟ್ಟೆ. ನಿನ್ನ ನಾಲ್ಕು ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಕೆಳಗೆ ಒಂದು ನಾಲ್ಕು ಬರೆದರು. ಅದರ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿ, ಸೊನ್ನೆಯ ತಲೆಗೆ ಒಂದು ಗಂಟು ಹಾಕಿದರು. ಬರೆಯಲು ಅರ್ಧ ಗಂಟೆ ಹಿಡಿಯಿತು. ಆ ಕಾಗದವನ್ನೇ ಇದರೊಳಗೆ ಇಟ್ಟಿದ್ದೇನೆ.

ಇದನ್ನು ಪರೀಕ್ಷಕರಿಗೆ ಹೇಳುವುದೂ ಬಿಡುವುದೂ ನಿನ್ನ ಇಷ್ಟ ಎಂದು ಬರೆಯೋಣ ಅಂದುಕೊಂಡಿದ್ದೆ. ಹಾಗೆ ಬರೆದರೆ ಅದೂ ನಾಟಕ. ಹೇಳು. ಕೆಲಸ ತಪ್ಪಿದರೆ ತಪ್ಪಲಿ. ಒಂದು ಸುಳ್ಳಿನ ಆಸರೆಯಲ್ಲಿ ಇಪ್ಪತ್ತೈದು ವರ್ಷ ಉಂಡವಳು ನಾನು. ಮೇಷ್ಟ್ರು ದಯೆಯಿಂದ ಆಡಿದ್ದು, ಆದರೂ ಸುಳ್ಳೇ. ಅದು ಜೀರ್ಣವಾಗುವುದಿಲ್ಲ.

ನಿನ್ನ
ಚಿಕ್ಕಮ್ಮ


ಏಪ್ರಿಲ್ ೪

ಚಿಕ್ಕಮ್ಮ,

ಕಾಗದ ಬಂದು ಹತ್ತು ದಿನ ಮೇಲಾಯಿತು. ಉತ್ತರ ಬರೆಯಲು ಕೈ ಬರಲಿಲ್ಲ.

ಹದಿನೈದನೇ ವಯಸ್ಸಿನಿಂದ ನಾನು ಆ ಜಾಗದಲ್ಲಿ ಮುಖ ಗಂಭೀರ ಮಾಡಿಕೊಂಡು ಕಾಯುತ್ತಿದ್ದೆ. ಒಂದೆರಡು ಸಲ ಕಣ್ಣೀರೂ ಬಂದಿದೆ. ಅಷ್ಟೆಲ್ಲ ನನ್ನ ಕೊಸರಾಟಕ್ಕಾಗಿ ಎಂದು ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮೊದಲ ದಿನ ನಿನ್ನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಒಂದು ದಿನ ಹೇಳಬಹುದಿತ್ತು. ಆಮೇಲೆ ಯಾವತ್ತು ಹೇಳಬಹುದಿತ್ತು ಎಂದು ಹುಡುಕಿದೆ, ಒಂದು ದಿನವೂ ಸಿಗಲಿಲ್ಲ.

ಅಭ್ಯಾಸಕ್ಕೆ ಕೂತರೆ ಆ ಜಾಗದಲ್ಲಿ ಕೈ ತಡೆಯುತ್ತದೆ. ತಡೆದರೆ ಸುಳ್ಳೆನಿಸುತ್ತದೆ, ತಡೆಯದಿದ್ದರೆ ನಿನ್ನನ್ನು ತುಳಿದುಕೊಂಡು ಹೋದ ಹಾಗಾಗುತ್ತದೆ. ನಾಲ್ಕು ದಿನ ಉಳಿದಿದೆ. ನೀನು ಪ್ರಾರ್ಥನೆ ಮಾಡು. ಆದರೆ ಇಂಥದ್ದೇ ಆಗಲಿ ಎಂದು ದೇವರಿಗೆ ಹೇಳಿಕೊಡಲು ಹೋಗಬೇಡ.

ಮೂಟೆ


ಏಪ್ರಿಲ್ ೧೦

ಚಿಕ್ಕಮ್ಮ,

ಮುಗಿಯಿತು. ಮೊದಲಿಂದ ಹೇಳುತ್ತೇನೆ, ನಡುವೆ ಎದ್ದು ಒಲೆ ನೋಡಲು ಹೋಗಬೇಡ.

ನುಡಿಸುವ ಮುಂಚೆ ಬರವಣಿಗೆ ಕೇಳಿದರು. ಮೇಷ್ಟ್ರ ಕಾಗದವನ್ನು ಮೇಜಿನ ಮೇಲೆ ಇಟ್ಟೆ. ಅಡ್ಡಗೆರೆಯ ಕೆಳಗೆ ನನ್ನ ಆ ನಾಲ್ಕು ಸಾಲು ಚೆನ್ನಾಗಿಯೇ ಕಾಣುತ್ತಿತ್ತು. ಬೇರೆ ಹಾಳೆಗೆ ಎತ್ತಿ ಬರೆಯಬಹುದಿತ್ತು, ಮನಸ್ಸಾಗಲಿಲ್ಲ. ಊರುಗೋಲಿನಾಕೆ ಓದಿ, ನಾಲ್ಕನ್ನು ನೋಡಿ, ಗಂಟಿನ ಸೊನ್ನೆಯ ಮೇಲೆ ಬೆರಳಿಟ್ಟು, "ಇದೇನು?" ಅಂದರು.

"ಅದು ನಾನು" ಅಂದೆ.

ಆಮೇಲೆ ಎಲ್ಲ ಹೇಳಿದೆ. ತಿದಿ, ಗುಂಡು, ಶಾಲು, ಬೀಗದ ದೊಡ್ಡಪ್ಪ. ಮೊದಲ ಸಲ ಹೇಳಿದ ಗುರುಪರಂಪರೆಯ ಕಥೆ ನಾನೇ ಕಟ್ಟಿದ್ದು ಎಂದೂ ಹೇಳಿದೆ. ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆಕೆ ಮಾತ್ರ ನಗಲಿಲ್ಲ. "ಹಾಗಾದರೆ ಈಗ ಹೇಗೆ ನುಡಿಸ್ತೀಯ?" ಎಂದು ಕೇಳಿದರು. ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ ಎಂದೆ.

ಮೊದಲ ಭಾಗ ಚೆನ್ನಾಗಿ ಬಂತು. ಎರಡನೆಯದರ ಕಡೆಯ ಸಾಲಿಗೆ ಬಂದಾಗ ಹಿಂದಿನ ಗೋಡೆಯ ಕಡೆ ಕಿವಿ ಕೊಟ್ಟೆ. ಮೋಟಾರು ಗುಂಯ್ ಅನ್ನುತ್ತಿತ್ತು. ಅಲ್ಲಿ ಯಾರೂ ತುಳಿಯುತ್ತಿರಲಿಲ್ಲ, ಯಾರೂ ಯಾರನ್ನೂ ಹೊತ್ತಿರಲಿಲ್ಲ. ಕಾಯಲು ಯಾರೂ ಇರಲಿಲ್ಲ. ತಡೆಯದೆ ಹೋದೆ.

ಚಿಕ್ಕಮ್ಮ, ಆ ಪುಣ್ಯಾತ್ಮ ಬರೆದದ್ದು ಹಾಗೇ ಕೇಳಬೇಕಾದದ್ದು. ಮೆಲ್ಲನೆಯ ಸ್ವರ ಇನ್ನೂ ಸೂರಿನಲ್ಲಿ ಇರುವಾಗಲೇ ಅದರ ಮೈಮೇಲೆ ದೊಡ್ಡದು ಬಂದು ಬೀಳುತ್ತದೆ. ಇಷ್ಟು ವರ್ಷ ನುಡಿಸಿದ್ದೇನೆ, ನಾನು ಅದನ್ನು ಕೇಳಿಯೇ ಇರಲಿಲ್ಲ. ಮೂರನೇ ಭಾಗದಲ್ಲಿ ಕಾಲು ಒಂದು ಕಡೆ ತಪ್ಪಿತು, ಹೋಗಲಿ.

ಕೆಲಸ ಕೊಟ್ಟಿದ್ದಾರೆ. ಆದರೆ ಖಾಯಂ ಅಲ್ಲ. ಮೂವರಲ್ಲಿ ನಾನೇ ಚೆನ್ನಾಗಿ ನುಡಿಸಿದೆ ಅಂದರು. ಆಮೇಲೆ ಊರುಗೋಲಿನಾಕೆ, "ಆರು ತಿಂಗಳು ನೋಡ್ತೀವಿ. ಅದು ನುಡಿಸಿದ್ದಕ್ಕಲ್ಲ, ಮೊದಲ ಸಲ ಹೇಳಿದ ಕಥೆಗೆ" ಅಂದರು. ಬಾಗಿಲವರೆಗೆ ಬಂದು ಆ ಕಾಗದವನ್ನು ವಾಪಸು ಕೊಟ್ಟರು. "ಜೋಪಾನ" ಅಂದರು, ಅಷ್ಟೇ.

ಈಗ ಹೇಳು. ಮೇಷ್ಟ್ರಿಗೆ ನಾನು ಕಾಯಲಿಲ್ಲ ಎಂದು ಹೇಗೆ ಹೇಳುತ್ತೀಯ? ಅದೊಂದೇ ನನಗೆ ನುಂಗಲಾರದ್ದು. ಹೇಳದಿದ್ದರೂ ಆದೀತು.

ಮೂಟೆ


ಏಪ್ರಿಲ್ ೧೯

ಪ್ರೀತಿಯ ಮೂಟೆ,

ಒಲೆ ನೋಡಲು ಹೋಗಲಿಲ್ಲ. ಹಾಲು ಉಕ್ಕಿತು.

ಹೇಳದಿದ್ದರೂ ಆದೀತು ಅಂದಿದ್ದೀಯ. ಇನ್ನು ಈ ಮನೆಯಲ್ಲಿ ಹಾಗಾಗುವುದಿಲ್ಲ. ಕಾಗದ ಬಂದ ದಿನವೇ ಮೇಷ್ಟ್ರ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು, ಮೊದಲಿಂದ ಕಡೆಯವರೆಗೆ ಓದಿದೆ. "ಅದು ನಾನು" ಎನ್ನುವಲ್ಲಿ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ. ಕಾಯಲು ಯಾರೂ ಇರಲಿಲ್ಲ, ತಡೆಯದೆ ಹೋದೆ ಎಂದು ಓದಿದಾಗ ಅವರ ಮುಖ ನೋಡಿದೆ. ಅವರು ಎಡಗೈಯ ನಾಲ್ಕು ಬೆರಳನ್ನು ಹೊದಿಕೆಯ ಮೇಲೆ ಎತ್ತಿ ಹಿಡಿದರು. ಒಂದೊಂದಾಗಿ ಮಡಚಿದರು. ಮಡಚಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಬಾಯಿಯ ಒಂದು ಕಡೆಯಿಂದ ನಕ್ಕರು. ಇನ್ನೊಂದು ಕಡೆ ಬರುವುದಿಲ್ಲ, ಇದ್ದಷ್ಟರಲ್ಲೇ ಪೂರ್ತಿ ನಕ್ಕರು. ನಿನಗೆ ನುಂಗಲಾರದ್ದು ಏನೂ ಇಲ್ಲಿ ಉಳಿದಿಲ್ಲ.

ಆರು ತಿಂಗಳು ಅಂದದ್ದು ಸರಿಯಾಗಿದೆ. ಆ ಹೆಂಗಸಿನ ಮೇಲೆ ನನಗೆ ಗೌರವ ಬಂತು.

ಪಾದ್ರಿಗಳಿಗೂ ಹೋಗಿ ಹೇಳಿದೆ, ಎಲ್ಲವನ್ನೂ. ಅವರು "ಜನಕ್ಕೆ ನಾನು ಹೇಳಬೇಕಾ?" ಎಂದರು. ನಾನೇ ಹೇಳುತ್ತೇನೆ ಎಂದು ಭಾನುವಾರ ಆರಾಧನೆ ಮುಗಿದ ಮೇಲೆ ಎದ್ದು ನಿಂತು ಹೇಳಿದೆ. ಕೆಲವರು ಮುಖ ಊದಿಸಿಕೊಂಡರು. ಬೀಗದ ದೊಡ್ಡಪ್ಪನಿಗೆ ಈಗ ಎಂಬತ್ತೆರಡು. ಮನೆಗೆ ಹೋಗುವಾಗ ನನ್ನನ್ನು ತಡೆದು ನಿಲ್ಲಿಸಿ, "ಅವತ್ತು ಕನ್ನಡಕ ನನ್ನ ಜೇಬಲ್ಲೇ ಇತ್ತು ಕಣಮ್ಮ" ಅಂದರು. ನಾನು ಕೈ ಮುಗಿದೆ.

ಜೂನ್‌ನಲ್ಲಿ ಹತ್ತು ದಿನ ರಜೆ ಕೇಳಿಕೊಂಡು ಬಾ. ತಿದಿಗೆ ಹೊಸ ತೊಗಲು ಹಾಕಿಸಿದ್ದಾರೆ. ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ದೇವಾಲಯಕ್ಕೆ ಎತ್ತಿಕೊಂಡು ಬರಲು ನಾಲ್ಕು ಜನ ಒಪ್ಪಿದ್ದಾರೆ. ಮುಂದೆ ಕೂರಿಸೋಣವೇ ಎಂದು ಕೇಳಿದರೆ ಅವರು ಹಿಂದಕ್ಕೆ ಬೆರಳು ತೋರಿಸುತ್ತಾರೆ, ತಿದಿ ಕೋಣೆಗೆ ಅಂತ. ಹಿಂದೆ ಹೇಗಿರುತ್ತದೆ ಎಂದು ಅವರೂ ಒಂದು ಸಲ ನೋಡಲಿ.

ದೊಡ್ಡ ದೇವಾಲಯದಲ್ಲಿ ನೀನು ತಡೆಯದೆ ಹೋದದ್ದು ಸರಿ. ಯಾವಾಗಲೂ ಹಾಗೇ ಹೋಗು. ಇಲ್ಲಿ ನುಡಿಸುವಾಗ ಮಾತ್ರ ಆ ಜಾಗದಲ್ಲಿ ನಾಲ್ಕು ತುಳಿತ ಕಾಯಬೇಕು. ನನಗೆ ಐವತ್ತಾಯಿತು. ಎಡಮಂಡಿ ಹಿಡಿದುಕೊಳ್ಳುತ್ತದೆ, ಕಾಲು ಬದಲಿಸಬೇಕು. ಹಿಂದೆ ತಿರುಗಿ "ಆಯ್ತಾ?" ಎಂದು ಕೇಳು. ಆಯ್ತು ಅನ್ನುವವರೆಗೆ ಕೀಲಿ ಮುಟ್ಟಬೇಡ.

ನಿನ್ನ
ಚಿಕ್ಕಮ್ಮ